ಮುಗಿಯದ ನಲವತ್ತೆಂಟು ದಿನ

ಮಕ್ಕಳಾಗಲಿ ಎಂದು ಹರಸಿ ನೀವು ಎಷ್ಟು ಹೆಣ್ಣುಮಕ್ಕಳ ಉಡಿಗೆ ಹಣ್ಣು ಹಾಕಿದ್ದೀರಿ? ಅವರಲ್ಲಿ ಒಬ್ಬಳ ಗಂಡನ ಕೈಗಾದರೂ ಅದೇ ಹಣ್ಣನ್ನು ಕೊಟ್ಟು, "ನೀನೂ ತಿನ್ನಪ್ಪ" ಎಂದಿದ್ದೀರಾ?

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಕಮಲಾಪುರದ ಒಂದು ಪಡಸಾಲೆಯಲ್ಲಿ, ನನ್ನ ಅಕ್ಕನ ಅತ್ತೆಗೆ. ಕೇಳಿದ ಧಾಟಿ ಸರಿಯಿರಲಿಲ್ಲ, ಒಪ್ಪುತ್ತೇನೆ. ಪ್ರಶ್ನೆ ಸರಿಯಿತ್ತು. ಅದನ್ನು ಹಿಂದಕ್ಕೆ ಪಡೆಯಲು ನಾನು ಇಂದಿಗೂ ಸಿದ್ಧಳಿಲ್ಲ.

ನಮ್ಮ ತವರು ಕಲಬುರಗಿಯ ಗಾಜಿಪುರ. ಅಕ್ಕನನ್ನು ಕೊಟ್ಟಿದ್ದು ಕಮಲಾಪುರಕ್ಕೆ, ಕೆಂಪು ಬಾಳೆ ಬೆಳೆಯುವ ಮನೆತನಕ್ಕೆ. ಆ ಹಣ್ಣನ್ನು ಕಂಡವರಿಗೆ ಅದರ ಮೇಲೆ ನಂಬಿಕೆಗಳು ಏಕೆ ಬೆಳೆದವೆಂದು ವಿವರಿಸಬೇಕಿಲ್ಲ. ಸಿಪ್ಪೆ ಒಣಗಿದ ಕುಂಕುಮದ ಬಣ್ಣ, ತಿರುಳು ಬೆಣ್ಣೆ, ವಾಸನೆ ಪಡಸಾಲೆಯನ್ನೆಲ್ಲ ತುಂಬುವಂಥದ್ದು. ಸಾಧಾರಣ ಬಾಳೆಗಿಂತ ಹೆಚ್ಚು ಕಾಲ ಕಾಯಿಸಿ ಗೊನೆ ಕೊಡುತ್ತದೆ. ಇಷ್ಟು ಕಾಯಿಸುವ ಹಣ್ಣಿನಲ್ಲಿ ಏನೋ ಇರಲೇಬೇಕು ಎಂದು ಹಿಂದಿನವರು ಭಾವಿಸಿದ್ದರೆ ನಾನು ಅವರನ್ನು ಗೇಲಿ ಮಾಡಲಾರೆ.

ಆದರೆ ಭಾವಿಸುವುದು ಬೇರೆ, ಒಬ್ಬಳ ಬಾಳನ್ನು ಅದರ ಮೇಲೆ ಪಣಕ್ಕಿಡುವುದು ಬೇರೆ.

ಮದುವೆಯಾಗಿ ನಾಲ್ಕು ವರ್ಷವಾದರೂ ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಅಕ್ಕನ ಗಂಡನನ್ನು ನಾವು ಮಾಮಾ ಎಂದು ಕರೆಯುತ್ತೇವೆ. ಮಾಮಾನ ಅಜ್ಜ ತಮ್ಮ ಕಾಲದಲ್ಲಿ ಸುತ್ತಲಿನ ಹಳ್ಳಿಗಳಿಗೆ ಗಾವಟಿ ಔಷಧ, ಅಂದರೆ ನಾಟಿ ಮದ್ದು, ಕೊಡುತ್ತಿದ್ದವರು. ಅವರಿಂದ ಬಂದದ್ದೆಂದು ಮನೆಯಲ್ಲಿ ಒಂದು ಔಷಧ ಉಳಿದಿತ್ತು: ಕೆಂಪು ಬಾಳೆಯ ಮಂಡಲ. ನಲವತ್ತೆಂಟು ದಿನ, ಒಂದು ದಿನವೂ ತಪ್ಪದೆ, ಮುಂಜಾನೆ ಸ್ನಾನ ಮಾಡಿ, ಬರಿಹೊಟ್ಟೆಯಲ್ಲಿ, ಪೂರ್ವಕ್ಕೆ ಮುಖ ಮಾಡಿ ಒಂದು ಹಣ್ಣು, ಮೇಲೆ ಒಂದು ಲೋಟ ಹಾಲು. ಹಣ್ಣು ಮುಗಿಯುವವರೆಗೆ ಮಾತಾಡುವಂತಿಲ್ಲ. ಸಿಪ್ಪೆಯನ್ನು ಯಾರೂ ತುಳಿಯಬಾರದು. ಬಾಳೆಯ ಬುಡಕ್ಕೇ ಹಾಕಬೇಕು. ನಡುವೆ ಮುಟ್ಟಾದರೆ ಮಂಡಲ ಕೆಟ್ಟಂತೆ. ಮತ್ತೆ ಮೊದಲ ದಿನದಿಂದ ಶುರು.

ಕಡೆಯ ನಿಯಮವನ್ನು ಓದುಗರು ಇನ್ನೊಮ್ಮೆ ಓದಬೇಕು. ತಿಂಗಳಿಗೊಮ್ಮೆ ಮುಟ್ಟಾಗುವ ಹೆಣ್ಣು ನಲವತ್ತೆಂಟು ದಿನ ತಡೆಯಿಲ್ಲದೆ ಪೂರೈಸುವುದು ಹೇಗೆ? ಬಸಿರಾದವಳು ಮಾತ್ರ ಪೂರೈಸಬಲ್ಲಳು. ಹಾಗಾಗಿ ಈ ಔಷಧ ಎಂದೂ ಸೋಲುವುದಿಲ್ಲ. ಪೂರೈಸಿದವಳಿಗೆ ಫಲ ಸಿಕ್ಕಿತೆಂದು ಹೆಸರು. ಉಳಿದವಳು ಪೂರೈಸಲಿಲ್ಲವೆಂದು ಬೈಗುಳ. ಮೂರು ವರ್ಷದಿಂದ ನನ್ನ ಅಕ್ಕ ಒಂದೇ ಮಂಡಲವನ್ನು ಮತ್ತೆ ಮತ್ತೆ ಶುರು ಮಾಡುತ್ತಿದ್ದಳು. ಪ್ರತಿ ಸಲವೂ ಮನೆಯಲ್ಲಿ "ಮತ್ತ ಕೆಡಿಸಿದಳು" ಎಂಬ ಮಾತು ಕೇಳುತ್ತಿದ್ದಳು.

ಆಗ ನಾನು ಎಂ.ಎ. ಓದುತ್ತಿದ್ದೆ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ನಮ್ಮ ಮನೆಯ ಗೋಡೆಗೂಡಿನಲ್ಲಿ ಸಾಲಾಗಿದ್ದವು. ಎದುರಾಳಿಯ ವಾದದ ತಳಗಲ್ಲನ್ನು ಹುಡುಕಿ ಎಳೆಯಬೇಕು, ಗೋಡೆ ತಾನಾಗಿ ಬೀಳುತ್ತದೆ ಎಂದು ನಮಗೆ ಕಲಿಸಿದ್ದರು. ಗೋಡೆಯ ಕೆಳಗೆ ಯಾರು ನಿಂತಿದ್ದಾರೆಂದು ನೋಡಿಕೊಳ್ಳಲು ಯಾರೂ ಕಲಿಸಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದರು. ನಾನು ನಿಂತೇ ಮಾತು ಶುರು ಮಾಡಿದೆ. ವೇದಿಕೆಯ ಅಭ್ಯಾಸ.

"ಅತ್ತಿ, ಬಾಣಂತಿಗೆ ಬಾಳೆಹಣ್ಣು ಕೊಡ್ತೀರೇನ್ರಿ?"

"ಶಿವ ಶಿವಾ! ಥಂಡಿ ಅದ. ಕೂಸಿಗಿ ನೆಗಡಿ ಆಗ್ತದ."

"ಮತ್ತ ಬಸಿರಾಗೋತನಕ ಔಷಧ, ಹಡದ ಮರುದಿನ ವಿಷಾನ? ಹಣ್ಣು ಅದೇ ಅಲ್ಲೇನ್ರಿ?"

ಅತ್ತೆ ಶೇಂಗಾ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಬಾಳಿ ಗಿಡ ನೋಡಿಯೇನವಾ? ಗೊನಿ ಕೊಟ್ಟು ಸಾಯತದ. ಸಾಯೂದರಾಗ ಮಗ್ಗಲಾಗ ಮರಿ ಬಿಟ್ಟೇ ಸಾಯತದ. ಬಂಜಿ ಬಾಳಿ ಅಂತ ಎಲ್ಲ್ಯಾರ ಕಂಡೀಯೇನು? ಅದರಾಗ ಇದು ಕೆಂಪು, ರಕ್ತದ ಬಣ್ಣ. ಅದರ ಗುಣ ತಿಂದಾಕಿಗಿ ಬರಬೇಕಲ್ಲ."

ಇದನ್ನು ದಡ್ಡತನವೆಂದು ಕರೆಯಲು ನನಗೆ ಆಗಲೂ ಬಾಯಿ ಬರಲಿಲ್ಲ. ಶತಮಾನಗಳ ಕಾಲ ದೊಡ್ಡ ದೊಡ್ಡ ವೈದ್ಯರೂ ಹೀಗೆಯೇ ಯೋಚಿಸಿದ್ದರು. ಕೆಂಪಾಗಿರುವುದು ರಕ್ತಕ್ಕೆ, ಹಾಲಿರುವುದು ಎದೆಹಾಲಿಗೆ. ಕಣ್ಣಿಗೆ ಕಂಡ ಹೋಲಿಕೆಯೇ ಅವರಿಗೆ ಪುರಾವೆ. ಅವರಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ, ನಮ್ಮಲ್ಲಿದೆ. ನನ್ನ ತಕರಾರು ಅಷ್ಟೇ.

ನಾನು ಮುಟ್ಟಿನ ನಿಯಮವನ್ನು ಎತ್ತಿದೆ. ಮಂಡಲ ಯಾವ ಹೆಣ್ಣಿಗೂ ಪೂರೈಸಲಾಗದ್ದು ಎಂದು ಬೆರಳು ಮಡಿಸಿ ತೋರಿಸಿದೆ. ಅದೇ ಹಣ್ಣನ್ನು ಮಾಮಾನ ಕೈಗೆ ಒಮ್ಮೆಯಾದರೂ ಕೊಟ್ಟಿದ್ದೀರಾ, ಆತನ ತಪಾಸಣೆ ಏಕೆ ಆಗಿಲ್ಲ ಎಂದೂ ಕೇಳಿದೆ. ಒಳಬಾಗಿಲಲ್ಲಿ ನಿಂತಿದ್ದ ಅಕ್ಕ ಬೇಡವೆಂದು ತಲೆಯಾಡಿಸುತ್ತಿದ್ದಳು. ನನಗೆ ಕಂಡಿತ್ತು. ಆದರೂ ನಿಲ್ಲಿಸಲಿಲ್ಲ.

ಅತ್ತೆ ಎದ್ದು ಸೆರಗಿನಲ್ಲಿದ್ದ ಶೇಂಗಾಸಿಪ್ಪೆ ಕೊಡವಿದರು.

"ನೀ ಭಾಳ ಶಾಣ್ಯಾಕಿ ಅದಿ. ನಿನ್ನ ಮಾತಿಗಿ ಕಪ್ಪು ಕೊಡ್ತಾರ, ಖರೇ. ಕೂಸು ಕೊಡ್ತಾರೇನು?" ಎಂದರು. "ಕೇಳು, ದಸರಾ ತನಕ ನೋಡ್ತೀನಿ. ಖಂಡೆಪೂಜಿಗಿ ನಮ್ಮ ತಮ್ಮ ಬರ್ತಾನ. ಅವನ ಮಗಳೂ ಲಗ್ನಕ್ಕ ಬಂದಾಳ. ಅಷ್ಟರಾಗ ನಿಮ್ಮಕ್ಕ ಮಂಡಲ ಮುಗಿಸಿದ್ರ ಛಲೋ. ಇಲ್ಲಂದ್ರ ಸೋಡಚೀಟಿ ಬರದು ಗಾಜಿಪುರಕ್ಕ ಕಳಸ್ತೀವಿ. ಅಲ್ಲಿ ತನಕ ನೀ ಈ ಮನಿಗಿ ಬರಬ್ಯಾಡ."

ಸೋಡಚೀಟಿಯೆಂದರೆ ಹೆಂಡತಿಯನ್ನು ಬಿಟ್ಟೆವೆಂದು ಬರೆದುಕೊಡುವ ಚೀಟಿ. ವಾದದಲ್ಲಿ ಗೆದ್ದವಳು ನಾನು. ಮರುದಿನದಿಂದ ಅಕ್ಕನಿಗೆ ದಿನಕ್ಕೆ ಒಂದರ ಬದಲು ಎರಡು ಹಣ್ಣು. ನಾನು ಗಳಿಸಿದ ಬಹುಮಾನ ಅದು. ಫೋನಿನಲ್ಲಿ ಅಕ್ಕ ಅಳಲಿಲ್ಲ. "ನಿನ್ನ ಭಾಷಣ ಮುಗೀತಿಲ್ಲೋ? ಇನ್ನ ಜರಾ ಕೆಲಸ ಮಾಡು. ದಸರಾಕ್ಕ ಭಾಳ ದಿನ ಉಳದಿಲ್ಲ," ಎಂದಳು.

ಕೆಲಸ ಏನೆಂದು ತೋರಿಸಿದವಳೂ ಅವಳೇ.

ಆ ಮನೆಯ ದೇವರ ಜಗಲಿಯ ಮೇಲೆ, ವಿಗ್ರಹಗಳ ಪಕ್ಕ, ಕೆಂಪು ವಸ್ತ್ರದಲ್ಲಿ ಸುತ್ತಿದ ಒಂದು ವಹಿ ಇದೆ. ಅಜ್ಜ ತಮ್ಮ ಔಷಧಗಳನ್ನು ಬರೆದಿಟ್ಟ ಪುಸ್ತಕ. ವರ್ಷಕ್ಕೊಮ್ಮೆ, ದಸರಾದ ಆಯುಧಪೂಜೆಯಾದ ಖಂಡೆಪೂಜೆಯ ದಿನ, ಗುದ್ದಲಿ ಕುಡುಗೋಲುಗಳ ಜೊತೆ ಅದನ್ನೂ ಇಳಿಸಿ, ವಸ್ತ್ರ ಬಿಚ್ಚಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಸುತ್ತಿಡುತ್ತಾರೆ. ಓದುವುದಿಲ್ಲ. ಓದಲು ಬರುವುದೂ ಇಲ್ಲ. ಅಜ್ಜ ಶಾಲೆ ಕಲಿತದ್ದು ನಿಜಾಮರ ಕಾಲದಲ್ಲಿ. ಅವರ ಅಕ್ಷರ ಉರ್ದು. ಮಗ ಕಲಿತದ್ದು ಕನ್ನಡ, ಮೊಮ್ಮಗ ಕಲಿತದ್ದು ಕನ್ನಡ, ಇಂಗ್ಲಿಷು. ಅಜ್ಜನ ಜೊತೆಗೇ ಆ ವಹಿಯನ್ನು ಓದುವವರೂ ಮನೆಯಿಂದ ಹೋದರು. ಉಳಿದದ್ದು ಪೂಜೆ, ಮತ್ತು ಹೆಂಗಸರ ಬಾಯಿಂದ ಬಾಯಿಗೆ ಬಂದ ಔಷಧ.

ನವರಾತ್ರಿಯ ಘಟ ಕೂಡಿಸುವ ಮುನ್ನ ಜಗಲಿ ಸ್ವಚ್ಛ ಮಾಡುವ ಕೆಲಸ ಸೊಸೆಯದು. ಆ ದಿನ ಅಕ್ಕ ವಸ್ತ್ರ ಬಿಚ್ಚಿ ಪುಟ ತಿರುವಿದಳು. ಒಂದು ಪುಟದ ತುದಿಯಲ್ಲಿ ಅಜ್ಜ ಕೆಂಪು ಶಾಯಿಯಲ್ಲಿ ಬಾಳೆಗೊನೆಯ ಚಿತ್ರ ಬರೆದಿದ್ದರು. ಅದರ ಫೋಟೋ ತೆಗೆದು ನನಗೆ ಕಳಿಸಿ, ಕೆಳಗೆ ಬರೆದಳು: "ಚಾಚಾನ್ನ ಕೇಳು."

ಚಾಚಾ ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವವರು. ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಅವರ ತಂದೆ ಹಕೀಮರಾಗಿದ್ದರು. ಅಕ್ಕನೂ ನಾನೂ ಲೆಕ್ಕ ಕಲಿತದ್ದು ಅವರ ಮನೆಯ ಚಾಪೆಯ ಮೇಲೆ. ಅವರು ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

"ಕೈಬರಹ ಅಂದ್ರ ಇರುವಿ ಮಸಿಯಾಗ ಬಿದ್ದು ಎದ್ದು ಓಡ್ಯಾವ," ಎಂದು ನಕ್ಕರು. ಆಮೇಲೆ ನಗು ನಿಂತಿತು. "ಬೇಟಾ, ಈ ಹಣ್ಣು ಈಗ ಯಾರು ತಿನ್ನಾಕತ್ತಾರ?"

"ಅಕ್ಕ ತಿನ್ನಾಕತ್ತಾಳ ಚಾಚಾ. ಮೂರು ವರ್ಷ ಆತು."

"ಯಾ ಅಲ್ಲಾ," ಎಂದು ಅವರು ಕನ್ನಡಕ ತೆಗೆದರು. "ಇಲ್ಲಿ ಮರ್ದ್ ಅಂತ ಬರದದ. ಔಲಾದ್, ಮಕ್ಕಳು ಬೇಕಂದ್ರ ಕೆಂಪು ಬಾಳಿ ಗಂಡಸಿಗಿ ತಿನಸಬೇಕು, ಮುಂಜಾನಿ, ಹಾಲಿನ ಜೋಡಿ, ನಲವತ್ತೆಂಟು ದಿನ. ಹೆಂಗಸಿನ ಹೆಸರೇ ಇಲ್ಲ ಇದರಾಗ."

ನಾನು ಮೂರು ಸಲ ಓದಿಸಿದೆ. ಅವರು ಬೇಸರಿಸದೆ ಮೂರು ಸಲ ಓದಿದರು. ತಮ್ಮ ತಂದೆಯೂ ಬಾಳೆಯನ್ನು ಗಂಡಸಿನ ಬಲಕ್ಕೆಂದೇ ಹೇಳುತ್ತಿದ್ದರೆಂದು ನೆನಪಿಸಿಕೊಂಡರು. ಆ ಹಣ್ಣಿನ ಮಿಜಾಜು ಬಿಸಿಯೋ ತಂಪೋ ಎಂದು ಹಕೀಮರು ಜೀವನಪೂರ್ತಿ ಜಗಳಾಡುತ್ತಿದ್ದರಂತೆ. ಅದು ಯಾರ ಹೊಟ್ಟೆಗೆ ಹೋಗಬೇಕೆಂಬ ಬಗ್ಗೆ ಮಾತ್ರ ಜಗಳವಿರಲಿಲ್ಲ.

"ಮತ್ತ ಉಲ್ಟಾ ಹ್ಯಾಂಗಾತು ಚಾಚಾ?"

"ಗಂಡಸು ತಾನೇ ಬಂದು ನನಗ ಕೊಡ್ರಿ ಅಂತಾನೇನು? ಶರಮ್. ಹೆಂಡ್ತೀನ ಕಳಸ್ತಾನ, ಅವ್ವನ್ನ ಕಳಸ್ತಾನ. ಹಣ್ಣು ಹೆಂಗಸಿನ ಕೈಯಾಗ ಹೋತು. ಯಾರ ಕೈಯಾಗ ಹಣ್ಣು ಬಂತೋ, ಬ್ಯಾನಿ ಅವರದೇ ಅಂದ್ರು ಮಂದಿ."

ಅದೇ ಸಂಜೆ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು, "ಈಗ ತಿಳೀತು. ಗಂಡಸು ಮುಟ್ಟಾಗಂಗಿಲ್ಲ. ಅವಂಗ ನಲವತ್ತೆಂಟು ದಿನ ಪೂರಾ ಆಗ್ತಾವ. ಲೆಕ್ಕ ಇಟ್ಟಿದ್ದೇ ಅವಂಗ," ಎಂದಳು. ಆ ನಿಯಮದ ಮೇಲೆ ನಾನು ಅಷ್ಟು ದೊಡ್ಡ ಭಾಷಣ ಮಾಡಿದ್ದೆ; ಈ ಮಾತು ನನಗೆ ಹೊಳೆದಿರಲಿಲ್ಲ.

ಖಂಡೆಪೂಜೆಯ ದಿನ ಕರೆಯದ ಮನೆಗೆ ಹೋದೆ. ಜೊತೆಗೆ ಚಾಚಾ. ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, "ನೀ ಅಲ್ಲಿ ಬಾಯಿ ತೆರೀಬ್ಯಾಡ. ನಿನ್ನ ಬಾಯಿಂದ ನಿಮ್ಮಕ್ಕಗ ಈಗಾಗಲೇ ಒಂದು ಹಣ್ಣು ಹೆಚ್ಚಾಗ್ಯದ," ಎಂದು ದಾರಿಯುದ್ದಕ್ಕೂ ಎಚ್ಚರಿಸಿದರು.

ಪಡಸಾಲೆಯಲ್ಲಿ ಉಪಕರಣಗಳ ಸಾಲು, ನಡುವೆ ಬಿಚ್ಚಿದ ವಹಿ, ಅದರ ಮೇಲೆ ಹಸಿ ಕುಂಕುಮ. ಗೋಡೆಗೆ ಒರಗಿ ಅತ್ತೆಯ ತಮ್ಮ ಕುಳಿತಿದ್ದರು. ಅವರ ಮಗಳು ಬಂದಿರಲಿಲ್ಲ. ಮದುವೆಯ ಮಾತು ಮಾತ್ರ ಬಂದಿತ್ತು. ಅಕ್ಕನ ಉಡಿ ಆಗಲೇ ತುಂಬಿತ್ತು. ಅಕ್ಕಿ, ಕೊಬ್ಬರಿ, ಎಲ್ಲದರ ಮೇಲೆ ಒಂದು ಜೋಡಿ ಹಣ್ಣು, ಎರಡು ಬಾಳೆ ಅಂಟಿಕೊಂಡು ಒಂದಾದದ್ದು. ಬೇರೆ ಮನೆಗಳಲ್ಲಿ ಅವಳಿ ಹುಟ್ಟೀತೆಂದು ಹೆದರಿ ಅದನ್ನು ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ. ಅತ್ತೆ ಅದನ್ನು ತೋಟವೆಲ್ಲ ಹುಡುಕಿಸಿ ತಂದಿದ್ದರು. ಕಡೆಯ ಪ್ರಯತ್ನ. ಅಕ್ಕನ ಮೇಲೆ ಅವರಿಗೆ ದ್ವೇಷವಿರಲಿಲ್ಲವೆಂದು ಆ ಹಣ್ಣು ನೋಡಿದಾಗ ನನಗೆ ತಿಳಿಯಿತು. ನಂಬಿಕೆಯಿತ್ತು. ನಂಬಿಕೆಯೂ ಹೆಣ್ಣನ್ನು ಮನೆಯಿಂದ ಹೊರಹಾಕಬಲ್ಲದು.

ನನ್ನನ್ನು ನೋಡಿ ಅತ್ತೆಯ ಮುಖ ಬಿಗಿಯಿತು. ಚಾಚಾ ಮುಂದೆ ಬಂದು ಕೈ ಮುಗಿದರು.

"ಬಾಯಿಸಾಬ್, ಹಬ್ಬದ ದಿನ ಬಂದೀನಿ. ನಿಮ್ಮ ಮಾವನವರ ಕಿತಾಬು ಇಲ್ಲಿ ಅದ ಅಂತ ಕೇಳಿದ್ದೆ. ಒಂದ್ಸಲ ದರ್ಶನ ಮಾಡ್ಲೇನ್ರಿ?"

ಹಬ್ಬದ ದಿನ ಹೊಸ್ತಿಲಲ್ಲಿ ನಿಂತ ಹಿರಿಯರಿಗೆ ಇಲ್ಲವೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಅತ್ತೆ ಚಾಪೆ ಹಾಸಿಸಿದರು. ಚಾಚಾ ಕೈ ತೊಳೆದು ಬಂದು, ಕುಂಕುಮ ಅಳಿಸದಂತೆ ವಹಿಯನ್ನು ಎತ್ತಿಕೊಂಡು, ಮೊದಲು ಜ್ವರದ ಪುಟ ಓದಿದರು. ಆಮೇಲೆ ಚೇಳಿನ ವಿಷದ್ದು. ಅತ್ತೆ ಕಣ್ಣರಳಿಸಿ ಕೇಳುತ್ತಿದ್ದರು. ಮಾವನ ಧ್ವನಿ ಎಷ್ಟೋ ವರ್ಷಕ್ಕೆ ಮರಳಿ ಬಂದಂತಾಗಿತ್ತು. ಆಗ ಚಾಚಾ ಕೆಂಪು ಗೊನೆಯ ಪುಟ ತಿರುವಿದರು. ಓದಿದರು. ಕನ್ನಡದಲ್ಲಿ ಹೇಳಿದರು.



"ಓದೂದು ತಪ್ಪಿರಬೇಕು," ಎಂದರು ಅತ್ತೆ.

"ಆಗಬಹುದ್ರಿ. ಕಣ್ಣು ನನ್ನವು, ವಯಸ್ಸಾಗ್ಯದ. ಆದ್ರ ಬರದ ಕೈ ನಿಮ್ಮ ಮಾವಂದು. ಬೇಕಂದ್ರ ಕಮಲಾಪುರದಾಗ ಉರ್ದು ಬಲ್ಲ ಯಾರನ್ನಾರ ಕರಸ್ರಿ. ನಾ ಇಲ್ಲೇ ಕೂಡತೀನಿ."

ಅತ್ತೆ ಯಾರನ್ನೂ ಕರೆಸಲಿಲ್ಲ. ಅಕ್ಕ ಎದ್ದು ನಿಂತು ಉಡಿಯಿಂದ ಜೋಡಿ ಹಣ್ಣನ್ನು ತೆಗೆದಳು. ಎರಡು ಕೈಯಿಂದ ಹಿಡಿದು ಸೀಳಿದಳು. ಒಂದನ್ನು ತನ್ನಲ್ಲಿಟ್ಟುಕೊಂಡು, ಇನ್ನೊಂದನ್ನು ಕಂಬದ ಪಕ್ಕ ನಿಂತಿದ್ದ ಮಾಮಾನ ಕೈಗೆ ಕೊಟ್ಟಳು.

"ಮೂರು ವರ್ಷ ನಾ ಒಬ್ಬಾಕೀನೇ ತಿಂದೀನಿ. ಇವತ್ತು ನೀವು ತಿನ್ರಿ. ನಾಳೆ ಕಲಬುರಗಿ ದವಾಖಾನಿಗಿ ಹೋಗೂಣು. ಮೊದಲು ನಿಮ್ಮ ತಪಾಸಣಿ, ಆಮ್ಯಾಲ ನಂದು. ದೋಷ ನಂದೇ ಅಂದ್ರ ಸೋಡಚೀಟಿಗಿ ನಾನೇ ಸಹಿ ಮಾಡ್ತೀನಿ. ತಪಾಸಣಿ ಇಲ್ಲದ ಈ ಹೊಸ್ತಿಲ ದಾಟಂಗಿಲ್ಲ."

ಅವಳ ಕಡೆಯ ಷರತ್ತನ್ನು ನಾನು ಒಪ್ಪುವುದಿಲ್ಲ. ದೋಷ ಯಾರಲ್ಲಿದ್ದರೂ ಸೋಡಚೀಟಿ ಏಕೆ? ಆದರೆ ಮಾತಾಡುವ ಸರದಿ ನನ್ನದಾಗಿರಲಿಲ್ಲ.

ಮಾಮಾ ತಾಯಿಯ ಮುಖ ನೋಡಿದ. ಹಣ್ಣು ನೋಡಿದ. "ನನಗ ಬಾಳಿಹಣ್ಣು ಸೇರಂಗಿಲ್ಲವಾ," ಎಂದ, ಮಗುವಿನಂತೆ.

"ನನಗೂ ಸೇರಂಗಿಲ್ಲ," ಎಂದಳು ಅಕ್ಕ. "ಮೂರು ವರ್ಷದಾಗ ಒಬ್ಬರೂ ಕೇಳಲಿಲ್ಲ."

ಆತ ಸಿಪ್ಪೆ ಸುಲಿದ. ತಿಂದ. ಕಡೆಯ ತುತ್ತು ನುಂಗಿ, "ಹೋಗ್ತೀನಿ ಅವ್ವಾ. ನಾಳೇನೇ ಹೋಗ್ತೀವಿ," ಎಂದ. ಇಷ್ಟು ವರ್ಷದಲ್ಲಿ ಆತ ತಾಯಿಯೆದುರು ಹೆಂಡತಿಯ ಪರವಾಗಿ ಆಡಿದ ಮೊದಲ ಮಾತು ಅದು. ತಡವಾಗಿತ್ತು. ಆದರೂ ಮಾತೇ.

ಗೋಡೆಗೆ ಒರಗಿದ್ದ ಅತ್ತೆಯ ತಮ್ಮ ಗಂಟಲು ಸರಿಪಡಿಸಿಕೊಂಡರು. "ಅಕ್ಕಾ, ನಮ್ಮ ಹುಡುಗಿದು ಏನು ಅವಸರ ಇಲ್ಲ. ಇವನ ತಪಾಸಣಿ ಆಗಲಿ. ಆಮ್ಯಾಲ ನೋಡೂಣು."

ಗಂಡಿನ ಮೇಲೆ ಅರ್ಧ ಸಂಶಯ ಬಿದ್ದ ಕೂಡಲೇ ತಂದೆಯೊಬ್ಬ ಮಗಳನ್ನು ಎಷ್ಟು ಬೇಗ ಹಿಂದಕ್ಕೆಳೆದುಕೊಂಡ! ಹೆಣ್ಣಿನ ಮೇಲೆ ಪೂರ್ತಿ ಸಂಶಯ ಬಿದ್ದು ಮೂರು ವರ್ಷವಾದರೂ ಯಾರಿಗೂ ತಪಾಸಣೆ ನೆನಪಾಗಿರಲಿಲ್ಲ.

ಇಬ್ಬರೂ ಮರುದಿನ ಆಸ್ಪತ್ರೆಗೆ ಹೋದರು. ಆ ಕಾಗದದಲ್ಲಿ ಏನಿತ್ತೆಂದು ನಾನು ಬರೆಯುವುದಿಲ್ಲ. ಅಕ್ಕನಿಗೆ ಮಗುವಾಯಿತೇ ಎಂದು ಕೇಳುವವರಿಗೂ ಉತ್ತರಿಸುವುದಿಲ್ಲ. ಮಗುವಾದರೆ ಮಾತ್ರ ಅವಳು ಹೇಳಿದ್ದು ನ್ಯಾಯ, ಇಲ್ಲದಿದ್ದರೆ ಉದ್ಧಟತನ ಎಂಬ ತೀರ್ಪಿಗೆ ನಾನು ಅವಕಾಶ ಕೊಡಲಾರೆ. ಇಷ್ಟು ಹೇಳಬಲ್ಲೆ: ಅಕ್ಕ ಅದೇ ಮನೆಯಲ್ಲಿದ್ದಾಳೆ. ಸೋಡಚೀಟಿಯ ಮಾತು ಮತ್ತೆ ಏಳಲಿಲ್ಲ. ಮುಂಜಾನೆ ಅವಳು ಬಿಸಿ ರೊಟ್ಟಿ ತಿನ್ನುತ್ತಾಳೆ, ಯಾವ ದಿಕ್ಕಿಗೆ ಬೇಕಾದರೂ ಮುಖ ಮಾಡಿ, ಎಲ್ಲರೊಡನೆ ಮಾತಾಡುತ್ತ. ಆ ವಹಿಯನ್ನು ಚಾಚಾ ಪುಟಪುಟವಾಗಿ ಕನ್ನಡಕ್ಕೆ ಇಳಿಸುತ್ತಿದ್ದಾರೆ. ಹಾಗೆ ಮಾಡಿರೆಂದು ಕೇಳಿಕೊಂಡವರು ಅತ್ತೆಯೇ.

ಹಿರಿಯರನ್ನು ಅವಮಾನಿಸಿದೆನೆಂದು ನನ್ನನ್ನು ಬೈದವರಿದ್ದಾರೆ. ಅಜ್ಜನ ಮಾತು ಆ ಮನೆಗೆ ಮರಳಿ ಕೇಳಿಸಿದ್ದು ಆ ದಿನವೇ ಎಂದು ಅವರಿಗೆ ಹೇಳುತ್ತೇನೆ. ಹಾಗೆಂದು ಅಜ್ಜ ಬರೆದದ್ದನ್ನೂ ನಾನು ನಂಬುವುದಿಲ್ಲ. ಬಾಳೆ ಗಂಡಸಿಗೂ ಮಗು ಕೊಡುವುದಿಲ್ಲ. ಹೊಟ್ಟೆ ತುಂಬಿಸುತ್ತದೆ, ಅದೇ ಅದರ ದೊಡ್ಡ ಗುಣ. ಅವರು ತಮ್ಮ ಕಾಲಕ್ಕೆ ತಿಳಿದದ್ದನ್ನು ಬರೆದರು. ನಾವು ಅವರ ತಪ್ಪನ್ನೂ ತಪ್ಪಾಗಿ ಪಾಲಿಸಿ, ಅದನ್ನು ಒಬ್ಬಳ ತಲೆಗೆ ಕಟ್ಟಿದೆವು.

ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ, ಮಕ್ಕಳಾಗಲೆಂದು ಹಣ್ಣು ನುಂಗುತ್ತಿರುವ, ದಿನ ಎಣಿಸುತ್ತಿರುವ ಒಬ್ಬ ಹೆಣ್ಣುಮಗಳು ಇದ್ದಾಳೆ. ನಿಮಗೆ ಅವಳು ಗೊತ್ತು. ದಯವಿಟ್ಟು ಈ ವಾರವೇ ಅವಳ ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ, ಮೊದಲು ಅವನ ತಪಾಸಣೆ ಮಾಡಿಸಿ.